ನೀಲಗಂಗಮ್ಮನ ಬುತ್ತಿ

ನಮ್ಮ ಸೋದರತ್ತೆ ನೀಲಗಂಗಮ್ಮ ಸತ್ತ ಸುದ್ದಿ ನನಗೆ ಕಂಪ್ಲಿಯಲ್ಲಿ, ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಾಗ ಬಂತು. ‘ನಮ್ಮ ಚಿತ್ತವಾಡ್ಗಿ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಆಕೆಯ ಫೋಟೋ, ಅದಕ್ಕೆ ಹೂವಿನ ಹಾರ, ಕೆಳಗೆ ಸಾಲುಸಾಲಾಗಿ ‘ಓಂ ಶಾಂತಿ’. ಕಾಲೇಜು ಓದುವಾಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಅತ್ತೆಯ ಮನೆಯಲ್ಲೇ ಇದ್ದವಳು ನಾನು, ಹಾಗಾಗಿ ಆ ಗುಂಪಿನಲ್ಲಿ ಈಗಲೂ ಇದ್ದೇನೆ. ಸಾಸಿವೆ ಹೊತ್ತಿ ಕರಿಯಾಯಿತು.

ಅತ್ತೆಯ ಮಗ ಹಾಲೇಶ್‌ಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ದೋಣಿಮಲೈ ಗಣಿಗೆ ಡ್ಯೂಟಿಗೆ ಹೋದರೆ ಅವನ ಫೋನ್ ಸಿಗುವುದೇ ಕಷ್ಟ. ಅತ್ತೆಯ ಹತ್ತಿರ ಒಂದು ಹಳೆಯ ಬಟನ್ ಫೋನಿತ್ತು. ಸತ್ತವರ ಫೋನಿಗೆ ಯಾರು ಹಚ್ಚುತ್ತಾರೆ? ಅಳುತ್ತಲೇ ಅನ್ನಕ್ಕಿಟ್ಟೆ, ತಿಳಿಸಾರು ಮಾಡಿದೆ, ರೊಟ್ಟಿ ಬಡಿದೆ. ಸಾವಿನ ಮನೆಯಲ್ಲಿ ಮಣ್ಣು ಮಾಡಿ ಬರುವ ತನಕ ಒಲೆ ಹಚ್ಚುವುದಿಲ್ಲ, ನೆಂಟರು ಮತ್ತು ನೆರೆಯವರು ಬುತ್ತಿ ತರಬೇಕು. ಇದನ್ನು ನನಗೆ ಕಲಿಸಿದವಳೇ ಅತ್ತೆ.

ಕಲಿಸಿದಳು ಅಂದರೆ ಬಾಯಲ್ಲಿ ಹೇಳಿ ಅಲ್ಲ. ಓಣಿಯಲ್ಲಿ ಯಾರದಾದರೂ ಮನೆಯಿಂದ ಅಳುವ ದನಿ ಕೇಳಿದರೆ ಆಕೆ ಮೊದಲು ಓಡುತ್ತಿದ್ದುದು ಹಿಟ್ಟಿನ ಡಬ್ಬಿಗೆ. ಮೂವತ್ತು ವರ್ಷ ಹೀಗೇ ನಡೆಸಿದ್ದಳು. ಜಾತಿ ಕೇಳುತ್ತಿರಲಿಲ್ಲ, ಹಿಂದಿನ ವಾರ ನಲ್ಲಿಯ ಹತ್ತಿರ ಜಗಳವಾಡಿದವರೆಂದೂ ನೋಡುತ್ತಿರಲಿಲ್ಲ. ದೊಡ್ಡ ಬೋಗುಣಿಗೆ ಬಿಳಿ ಬಟ್ಟೆ ಮುಚ್ಚಿಕೊಂಡು ಹೋಗಿ, ಅಳುವ ಹೆಂಗಸರ ನಡುವೆ ಕೂತು, “ಎರಡು ತುತ್ತು ಉಣ್ಣವಾ, ಅಳಾಕರ ಶಕ್ತಿ ಬೇಕಲ್ಲ” ಎನ್ನುತ್ತಿದ್ದಳು. ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನು ತೀರಿಕೊಂಡ ಕಾಲಕ್ಕೆ ಫೋನುಗಳು ಇಷ್ಟಿರಲಿಲ್ಲ, ಆ ದಿನ ಅತ್ತೆಯ ಪಡಸಾಲೆಯಲ್ಲಿ ಬುತ್ತಿಯ ಪಾತ್ರೆ ಇಡಲು ಜಾಗವಿರಲಿಲ್ಲ.

ಮಧ್ಯಾಹ್ನ ಬಸ್ಸಿಳಿದು ಆಟೋ ಹಿಡಿದು ಚಿತ್ತವಾಡ್ಗಿಗೆ ಬಂದೆ. ಮನೆಯ ಮುಂದೆ ಒಂದು ಚಪ್ಪಲಿ ಕೂಡ ಇರಲಿಲ್ಲ. ಬಾಗಿಲಲ್ಲಿ ಅತ್ತೆ ಕೂತು ಪುಂಡಿ ಸೊಪ್ಪು ಸೋಸುತ್ತಿದ್ದಳು.

“ಯಾಕ ಶೈಲಾ, ಯಾರು ಹೋದ್ರು?” ಎಂದು ನನ್ನ ಕೈಯಲ್ಲಿದ್ದ ಬುತ್ತಿ ನೋಡಿ ಕೇಳಿದಳು.

ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದೆ. ನೀರು ಕುಡಿದು ಎಲ್ಲ ಹೇಳಿದ ಮೇಲೆ ಅತ್ತೆ ನಕ್ಕಳು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಗುಂಪು ನಡೆಸುವ ಹಂಪೇಶ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನದು ಫ್ಲೆಕ್ಸ್ ಮಾಡುವ ಅಂಗಡಿ.

“ಅಕ್ಕಾ, ಅದು ಸನ್ಮಾನದ ಕಾರ್ಡ್‌ರಿ. ವಾರಕ್ಕೊಬ್ರು ಓಣಿಯ ಹೆಮ್ಮೆ ಅಂತ ಹಾಕ್ತೀವಿ. ಹಾರದ ಡಿಸೈನ್ ಒಂದಽ ಇತ್ತು, ಅದನ್ನಽ ಹಾಕಿದೆ. ಕೆಳಗ ಬರದೀನಿ ನೋಡ್ರಿ” ಎಂದ.

ನೋಡಿದೆ. ‘ಕಷ್ಟದ ಮನೆಗೆ ಅನ್ನ ತರುವ ನಮ್ಮ ಓಣಿಯ ತಾಯಿಗೆ ಅಭಿನಂದನೆಗಳು’ ಎಂದು ಸಣ್ಣ ಅಕ್ಷರದಲ್ಲಿತ್ತು. ಮೊದಲು ನೋಡಿದ ಪುಣ್ಯಾತ್ಮ ಹಾರ ಕಂಡು ಓಂ ಶಾಂತಿ ಅಂದ. ಉಳಿದವರು ಅವನ ಹಿಂದೆ ಬಿದ್ದರು. ನಾನೂ ಓದಿರಲಿಲ್ಲ.

“ಯಾರ್ಯಾರು ಹಾಕ್ಯಾರ, ಹೇಳು” ಎಂದಳು ಅತ್ತೆ.

“ಮಲ್ಲಿಕಾರ್ಜುನ್” ಎಂದೆ.

“ಅವರವ್ವ ಹೋದಾಗ ಎರಡು ಸಲ ಒಯ್ದೆ.”

“ಈಶ್ವರ್.”

“ಅವರ ತಮ್ಮ ಆಕ್ಸಿಡೆಂಟಿನ್ಯಾಗ ಹೋದ. ಪಾಪ, ಮೂರು ದಿನ ಯಾರೂ ಉಂಡಿರಲಿಲ್ಲ.”

“ಸುಕನ್ಯಾ.”

ಅತ್ತೆಯ ಕೈ ಸೊಪ್ಪಿನ ಮೇಲೇ ನಿಂತಿತು. “ಗೋಡಿ ಆಚಿ ಸುಕನ್ಯಾ?”

ಹೌದು, ಅವಳೇ. ಎರಡೂ ಮನೆಗೆ ಒಂದೇ ಗೋಡೆ. ಬೆಳಿಗ್ಗೆ ಅತ್ತೆ ಇದೇ ಗೋಡೆಯ ಪಕ್ಕ ಮಿಕ್ಸರಿನಲ್ಲಿ ಚಟ್ನಿ ರುಬ್ಬಿದ್ದಳಂತೆ. ಆ ಸದ್ದಿನ ನಡುವೆಯೇ ಸುಕನ್ಯಾ ಕಣ್ಣೀರಿನ ಮುಖ ಹಾಕಿ, ‘ತುಂಬಲಾರದ ನಷ್ಟ’ ಎಂದು ಬರೆದಿದ್ದಳು.

ಅತ್ತೆಯ ಮುಖದಲ್ಲಿ ನಗು ಇರಲಿಲ್ಲ. “ಇರಲಿ. ತಪ್ಪು ತಿಳದ್ರು, ಸತ್ತೆ ಅಂದ್ಕೊಂಡ್ರು. ಅಂದ್ಕೊಂಡವರು ಬರಬೇಕಿತ್ತಲ್ಲ ಶೈಲಾ? ಬೆಳಿಗ್ಗಿಯಿಂದ ಮಧ್ಯಾಹ್ನ ಆತು. ನನ್ನ ಹೆಣ ನೋಡಾಕರ ಒಬ್ಬಾಕಿ ಬರಬೇಕಿತ್ತಲ್ಲ?”

ಅಷ್ಟರಲ್ಲಿ ಹಂಪೇಶ್ ತಪ್ಪೊಪ್ಪಿಗೆ ಹಾಕಿದ್ದ. ಅದೇ ಜನ ಹಲ್ಲು ಕಿರಿಯುವ ಮುಖ ಹಾಕಿ, ‘ನೂರು ವರ್ಷ ಬಾಳಿ’ ಎಂದರು. ಆಗಲೂ ಯಾರೂ ಬಾಗಿಲಿಗೆ ಬರಲಿಲ್ಲ. ಅತ್ತೆ ಅಂದು ರಾತ್ರಿ ಒಲೆ ಹಚ್ಚಲಿಲ್ಲ. ನಾನು ತಂದ ಅನ್ನವನ್ನೇ ಕಲಸಿಕೊಂಡು ಉಂಡಳು.

ಆ ತಿಂಗಳೇ ಹಾಲೇಶ್‌ನ ಹಳೆಯ ಟಚ್ ಫೋನು ಅತ್ತೆಯ ಕೈಗೆ ಬಂತು. ಕೇಳಿ ಈಸಿಕೊಂಡಳಂತೆ. ನನಗೆ ಖುಷಿಯೇ ಆಯಿತು, ಇನ್ನು ಮುಖ ನೋಡಿ ಮಾತಾಡಬಹುದು ಅಂದುಕೊಂಡೆ.

ಸ್ವಲ್ಪ ದಿನಕ್ಕೆ ಸುಕನ್ಯಾಳ ಮಾವ ಉಚ್ಚೆಂಗಪ್ಪ ತೀರಿಕೊಂಡ. ಈ ಸಲ ನಾನು ಕಾರ್ಡನ್ನು ಎರಡು ಸಲ ಓದಿ, ಹಂಪೇಶ್‌ಗೂ ಕೇಳಿ, ಅತ್ತೆ ಬುತ್ತಿ ಮಾಡಿಯೇ ಇರುತ್ತಾಳೆಂದು ಬರಿಗೈಯಲ್ಲೇ ಹೊರಟೆ. ಹೋಗುವಷ್ಟರಲ್ಲಿ ಗಂಡಸರು ಮಣ್ಣಿಗೆ ಹೋಗಿದ್ದರು. ಅತ್ತೆ ತನ್ನ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದಳು. ಬೋಗುಣಿ ಗೂಡಿನಲ್ಲಿ ಬೋರಲಾಗಿತ್ತು.

“ಅತ್ತೀ, ಬುತ್ತಿ?” ಎಂದೆ.

ಅತ್ತೆ ಫೋನ್ ಎತ್ತಿ ತೋರಿಸಿದಳು. ಗುಂಪಿನಲ್ಲಿ ಎಲ್ಲರ ಕೆಳಗೆ ಆಕೆಯದೂ ಒಂದು ಜೋಡಿಸಿದ ಕೈ ಇತ್ತು. ನಾನು ಹಿಟ್ಟಿನ ಡಬ್ಬಿಯತ್ತ ಹೋದೆ.

“ಕುಂದ್ರು ನೀನು” ಎಂದಳು. ನಾನು ಅಲ್ಲೇ ಕೂತೆ. ಹುಟ್ಟಿದಾಗಿನಿಂದ ನೋಡಿದ ಅತ್ತೆಯನ್ನು ಅಂದು ಮೊದಲ ಸಲ ನೋಡಿದಂತಾಯಿತು.

ಗೋಡೆಯ ಆಚೆ ಸಣ್ಣ ಕೂಸೊಂದು ಹಸಿವಿಗೆ ರಚ್ಚೆ ಹಿಡಿದಿತ್ತು. ಅದನ್ನು ಸುಮ್ಮನಿರಿಸುತ್ತ ಸುಕನ್ಯಾ ಯಾರನ್ನೋ ಕೇಳಿದ್ದು ಸ್ಪಷ್ಟವಾಗಿ ಕೇಳಿತು. “ನೀಲಗಂಗಕ್ಕ ಇನ್ನೂ ಬಂದಿಲ್ಲೇನು?”

ಅತ್ತೆ ಗೋಡೆಯತ್ತ ತಿರುಗಿದಳು.

“ಹಾಕೀನಲ್ಲ,” ಎಂದಳು, “ಮುಟ್ಟಿಲ್ಲೇನು ಆಕಿಗೆ?”