ಕುಡುಗೋಲಿನ ಕೈ

ಬಸವಂತಪ್ಪ ಮಾಸ್ತರು ಯಾರನ್ನೇ ಕಂಡರೂ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. ಮದುವೆ ಮನೆಯಲ್ಲಿ ಮದುಮಗನನ್ನೂ ಬಿಟ್ಟವರಲ್ಲ. "ಇದು ತಕ್ಕಡಿ ಕೈ, ಅದು ಕುಡುಗೋಲಿನ ಕೈ" ಎಂದು ನನ್ನ ಕಿವಿಯಲ್ಲಿ ಪಿಸುಗುಡುವರು. ನನ್ನ ಕೈಯನ್ನು ಮೊದಲ ದಿನವೇ ನೋಡಿ, "ಸೀಮೆಸುಣ್ಣದ ಕೈ ಸಾರ್, ಯಾರಿಗೂ ಅಪಾಯ ಇಲ್ಲ ಬಿಡ್ರಿ" ಎಂದಿದ್ದರು. ಶಿಕಾರಿಪುರದ ಶಾಲೆಯಲ್ಲಿ ನಾನು ಕನ್ನಡ ಪಂಡಿತ, ಅವರು ಡ್ರಿಲ್ ಮಾಸ್ತರು. ಅದಕ್ಕೂ ಮೊದಲು, ಯುದ್ಧದ ಕಾಲದಲ್ಲಿ, ಸೈನ್ಯದ ಕ್ಯಾಂಪಿನಲ್ಲಿ ಹೊಸಬರಿಗೆ ಚಾಕು ಹಿಡಿದು ಕಾದಾಡುವುದನ್ನು ಕಲಿಸುವ ಹವಾಲ್ದಾರರಾಗಿದ್ದರು.

ಊರಿನವರಿಗೆ ಅವರು ಮಹಾಶೂರ. ಅವರೋ, "ಹುಲ್ಲಿನ ಮೂಟೆ ಬಿಟ್ಟು ಬೇರೆ ಯಾರನ್ನೂ ಚುಚ್ಚಿದವನಲ್ಲ ರೀ ನಾನು. ಬರ್ಮಾಕ್ಕೆ ಹೋದವರು ಹುಡುಗ್ರು" ಎಂದು ಮಾತು ಮುಗಿಸುತ್ತಿದ್ದರು. ಚಾಕು ಕಲಿಸಿ ಎಂದು ಬಂದ ಗರಡಿಯವರನ್ನು ಬೈದು ಅಟ್ಟಿದ್ದೂ ಉಂಟು.

ಒಂದು ಮಧ್ಯಾಹ್ನ ಫೂಟುಪಟ್ಟಿ ಹಿಡಿದು ನನಗೆ ತೋರಿಸಿದರು. "ನಮ್ಮ ಕಡೆ ಹುಡುಗ್ರು ಹುಟ್ಟಿದಾಗ್ಲಿಂದ ಪೈರು ಕೊಯ್ದವರು. ಎಡಗೈ ಮುಂದೆ ಚಾಚಿ ತೆನೆ ಹಿಡೀತಾರೆ, ಬಲಗೈಲಿ ಕುಡುಗೋಲು ತಮ್ಮ ಕಡೆಗೆ ಎಳೀತಾರೆ. ಚಾಕು ಎಳೆಯೋದಲ್ಲ ಸಾರ್, ನೂಕೋದು. ಎಡಗೈ ಚಾಚಿದವನು ಕೆಟ್ಟ. ಅದನ್ನ ಮರೆಸೋದೇ ನನ್ನ ಕೆಲಸ ಆಗಿತ್ತು."

ತೊಗರ್ಸಿಯ ಚನ್ನಬಸಪ್ಪ ಎಂಬವನಿಗೆ ಮಾತ್ರ ಅದು ಮರೆತುಹೋಗಲಿಲ್ಲವಂತೆ. ಇನ್ನೆರಡು ವಾರ ಬೇಕಿತ್ತು. ಮೇಲಿನವರು ಅವಸರ ಮಾಡಿದರು, ಹಿಂದೆ ಉಳಿದರೆ ಮಾನ ಹೋಗುತ್ತದೆಂದು ಹುಡುಗನೂ ಅತ್ತ. ಮಾಸ್ತರು ಪಾಸು ಮಾಡಿ ಸಹಿ ಹಾಕಿದರು. ಅವನು ತಿರುಗಿ ಬರಲಿಲ್ಲ. ಎಡಗೈ ಮುಂದೆ ಚಾಚಿಯೇ ಸತ್ತನೆಂದು ಜೊತೆಯಲ್ಲಿದ್ದವನೊಬ್ಬ ಬಂದು ಹೇಳಿದ.

ಸೈನ್ಯ ಬಿಟ್ಟು ಬಂದಂದಿನಿಂದ ಪ್ರತಿ ಸುಗ್ಗಿಯಲ್ಲೂ ಮಾಸ್ತರು ಸೈಕಲ್ ತುಳಿದುಕೊಂಡು ತೊಗರ್ಸಿಗೆ ಹೋಗಿ, ಆ ಹುಡುಗನ ತಾಯಿ ಗಂಗವ್ವನ ಗದ್ದೆಯಲ್ಲಿ ಭತ್ತ ಕೊಯ್ದು ಬರುತ್ತಿದ್ದರು. ಮಗನ ಗುರುಗಳೆಂದು ಆಕೆ ರೊಟ್ಟಿ ಬಡಿದು ಉಣ್ಣಿಸುತ್ತಿದ್ದಳು. ಸಹಿ ಹಾಕಿದ ಸಂಗತಿ ಆಕೆಗೆ ಹೇಳದೆ ಆ ರೊಟ್ಟಿ ತಿನ್ನೋದು ಹೇಗೆ ಎನ್ನುತ್ತಿದ್ದರು ಮಾಸ್ತರು.

ಬಾಯಿಗೆ ಬೀಗವಿಲ್ಲದ ಜನ್ಮ ನನ್ನದು. "ಆಕೆಗೆ ಒಮ್ಮೆ ಹೇಳಿಬಿಡಿ ಮಾಸ್ತರೆ, ಎದೆ ಹಗುರಾಗುತ್ತೆ" ಎಂದು ದುಂಬಾಲು ಬಿದ್ದೆ. ಕ್ಯಾಸನೂರಿನ ಕಾಡಿನಲ್ಲಿ ಕಾಯಿಲೆ ಬಂದು ಮಂಗಗಳು ಸತ್ತವಲ್ಲ, ಆ ವರ್ಷದ ಸುಗ್ಗಿಯಲ್ಲಿ ನಾನೂ ಅವರ ಜೊತೆ ಹೋದೆ. ಗದ್ದೆಯ ಬದುವಿನ ಮೇಲೆ ಕೂತು ಮಾಸ್ತರು ಎಲ್ಲವನ್ನೂ ಹೇಳಿದರು. "ಅವನ ಕೈ ಇನ್ನೂ ಕುಡುಗೋಲು ಮರ್ತಿರ್ಲಿಲ್ಲ ಅವ್ವಾ. ಗೊತ್ತಿದ್ದೂ ಕಳಿಸ್ದೆ."

ಗಂಗವ್ವ ಬೈಯಲಿಲ್ಲ, ಅಳಲೂ ಇಲ್ಲ. "ಕುಡುಗೋಲು ಹಿಡಿಯಾಕ ಕಲಿಸಿದಾಕಿ ನಾನು ರೀ" ಎಂದಳು. "ಎಡಗೈ ಮುಂದ ಚಾಚು, ತೆನಿ ಗಟ್ಟಿ ಹಿಡಿ ಅಂತ ಹೊಡೆದು ಕಲ್ಸೀನಿ."

"ತಪ್ಪು ನಂದು ಅವ್ವಾ, ನಿಂದಲ್ಲ" ಎಂದು ಮಾಸ್ತರು ಎಷ್ಟು ಸಲ ಹೇಳಿದರೋ. ಆಕೆಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ದಾರಿಯುದ್ದಕ್ಕೂ ಸೈಕಲ್ ತಳ್ಳಿಕೊಂಡೇ ಬಂದ ಮಾಸ್ತರು, ಶಿಕಾರಿಪುರ ಹತ್ತಿರ ಬಂದಾಗ, "ನನ್ನ ಹೊರೆ ಇಳಿಸೋಕೆ ಹೋಗಿ ಆ ತಾಯಿ ತಲೆ ಮೇಲೆ ಇಟ್ಟು ಬಂದೆ ಸಾರ್" ಎಂದರು. ಅದನ್ನು ಮಾಡಿಸಿದವನು ನಾನು. ಆದರೂ ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ತೊಗರ್ಸಿಯ ಕಡೆ ತಲೆ ಹಾಕಲಿಲ್ಲ. ಮುಂದಿನ ಮಳೆಗಾಲದಲ್ಲಿ ಜ್ವರ ಹಿಡಿದು ತೀರಿಕೊಂಡರು. ಸುದ್ದಿ ಮುಟ್ಟಿಸಲು ಸುಗ್ಗಿಯ ಹೊತ್ತಿಗೆ ನಾನೊಬ್ಬನೇ ಹೋದೆ. ಗದ್ದೆಯಲ್ಲಿ ಕೂಲಿಯಾಳುಗಳು ಕೊಯ್ಯುತ್ತಿದ್ದರು, ಗಂಗವ್ವ ಬದುವಿನ ಮೇಲೆ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: "ಮಾಸ್ತರು ಬರ್ಲಿಲ್ಲೇನ್ರಿ? ನನ್ನ ಮ್ಯಾಲೆ ಸಿಟ್ಟು ಇರಬೇಕು. ನಾ ಕೆಡಿಸಿದ ಕೈ ತಿದ್ದಾಕ ಎಷ್ಟು ಕಷ್ಟಪಟ್ರೋ ಪಾಪ. ತಪ್ಪಾತು ಅಂದ್ಲು ಅಂತ ಹೇಳ್ರಿ ಅವ್ರಿಗೆ."

"ಹೇಳ್ತೀನಿ ಅವ್ವಾ" ಎಂದೆ.