ಹ್ಯಾಂಡ್ಸಮ್ ಮಾಸ್ತರರು

ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದ ಶಿವಪುತ್ರಪ್ಪ ಮಾಸ್ತರರು ತಮ್ಮ ರೂಪವನ್ನು ಬೇರೆಯವರು ಆಡಿಕೊಳ್ಳುವ ಮೊದಲೇ ತಾವೇ ಆಡಿಕೊಂಡು ಮುಗಿಸುತ್ತಿದ್ದರು. ಸಿಡುಬಿನ ಕಲೆಯ ಮುಖ, ತುಟಿ ಮೀರಿದ ಹಲ್ಲು. ರಿಕ್ಷಾದ ಕನ್ನಡಿಯಲ್ಲಿ ಆ ಮುಖ ಕಂಡರೆ ಡ್ರೈವರನಿಗೆ ಮರಾಠಿಯಲ್ಲಿ "ಮಾಫ್ ಕರಾ" ಎಂದು ಕ್ಷಮೆ ಕೇಳುವರು. ತಮ್ಮ ಕನ್ನಡದ ಊರ ಕಡೆಯವರು ಸಿಕ್ಕರಂತೂ "ನಾ ಹ್ಯಾಂಡ್ಸಮ್ ಅದೀನ್ರಿ" ಎಂದು ಎದೆಯುಬ್ಬಿಸುವರು. ಅವರು ನಕ್ಕರೆ, "ನಗಬ್ಯಾಡ್ರಿ. ಹ್ಯಾಂಡ್ ಅಂದ್ರ ಕೈ. ಹಳೇ ಇಂಗ್ಲಿಷಿನಾಗ ಹ್ಯಾಂಡ್ಸಮ್ ಅಂದ್ರ ಕೈಗೆ ಸುಲಭ ಒಗ್ಗೂದು, ಅಷ್ಟ. ಚೆಲುವು ಆಮ್ಯಾಲ ಬಂದು ಆ ಶಬ್ದಕ್ಕ ಅಂಟ್ಕೊಂಡದ. ನನಗ ಅಂಟೂದು ಮರತದ!" ಎನ್ನುವರು. ಇಂಥ ಮಾಸ್ತರರು, ಪೊರೆ ಬಂದು ವರ್ಷಗಟ್ಟಲೆ ಮಬ್ಬಾಗಿದ್ದ ಹೆಂಡತಿ ಕಲ್ಲವ್ವನ ಕಣ್ಣಿಗೆ ಆಪರೇಶನ್ ಆಗಿ ದಪ್ಪ ಚಷ್ಮಾ ಸಿಗುವ ದಿನ, ಇಸ್ತ್ರಿ ಅಂಗಿ ತೊಟ್ಟು, ಉಳಿದಷ್ಟು ಕೂದಲಿಗೆ ಎಣ್ಣೆ ಹಚ್ಚಿಕೊಂಡು ಆಸ್ಪತ್ರೆಗೆ ಹೋದರು. ಹೋದವರು ಒಳಗೆ ಕಾಲಿಡಲಾರದೆ ಬಾಗಿಲ ಮರೆಗೇ ನಿಂತರು. ಒಂದು ತಮಾಷೆಯೂ ಬಾಯಿಗೆ ಬರಲಿಲ್ಲ. "ಅಲ್ಲ್ಯಾಕ ನಿಂತೀರಿ? ಬರ್ರಿ" ಎಂದಳು ಕಲ್ಲವ್ವ. ಹತ್ತಿರ ಬಂದ ಗಂಡನ ಮುಖವನ್ನು ಬಹಳ ಹೊತ್ತು ನೋಡಿ, ಹುಬ್ಬು ಗಂಟಿಕ್ಕಿ, "ಎಷ್ಟ ಸೊರಗೀರಿ! ನನಗ ಕಾಣೂದಿಲ್ಲಂತ ಹೊಟ್ಟಿ ತುಂಬ ಉಣ್ಣಲೇ ಇಲ್ಲೇನ?" ಎಂದಳು.