ದೇವರ ಹಲಗೆಗೆ ಹಾಸಿದ ಕಾಗದ

ಲಿಂಗಪೂಜೆ ಆಗದೆ ಬಾಯಿಗೆ ಒಂದು ಗುಟುಕು ನೀರು ಹಾಕದವಳು ನಾನು. ಆದರೂ ಶಕುನ, ಸೂಚನೆ, ತಾನಾಗಿ ಅಲುಗಾಡಿದ ಪಾತ್ರೆ ಎಂದು ಯಾರಾದರೂ ಶುರು ಮಾಡಿದರೆ ನಕ್ಕುಬಿಡುತ್ತಿದ್ದೆ. ದೇವರಿಗೇನು ಬೇರೆ ಕೆಲಸವಿಲ್ಲವೇ ಎಂದು. ಈಗ ನಗುವುದಿಲ್ಲ. ಹಾಗಾದರೆ ನಂಬುತ್ತೀಯಾ ಎಂದು ಕೇಳಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಬಾಡಿಗೆ ಮನೆ. ನಮ್ಮ ಯಜಮಾನರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ವಿಮಾನ ನೆಲಕ್ಕಿಳಿದು ಓಡುವಾಗ ಅದರ ಚಕ್ರ ಹೇಗೆ ಅದುರುತ್ತದೆ ಎಂಬುದನ್ನು ಕಂಪ್ಯೂಟರಿನೊಳಗೆ ಬರೀ ಲೆಕ್ಕದಲ್ಲೇ ಓಡಿಸಿ ನೋಡುವುದು ಅವರ ಸಂಶೋಧನೆ. ವಿಮಾನ ಹತ್ತಿದವರು ನಮ್ಮಿಬ್ಬರಲ್ಲಿ ಯಾರೂ ಇಲ್ಲ.

"ಇಲ್ಲದ ವಿಮಾನ ಇಳಿಸಾಕೆ ಇಷ್ಟು ನಿದ್ದೆ ಕೆಡಬೇಕೇನ್ರಿ?" ಎಂದರೆ, "ಆಸ್ಪತ್ರೆ ತಳ್ಳುಗಾಡಿ ಮುಂದಿನ ಗಾಲಿ ಪಟಪಟ ಬಡ್ಕೊಳ್ತೈತಲ್ಲ, ಅದೇ ನೋಡು. ತಾನೇ ತಣ್ಣಗಾದ್ರೆ ಬಚಾವು. ಬೆಳೀತಾ ಹೋದ್ರೆ ಕಾಲೇ ಮುರೀತೈತೆ" ಎನ್ನುತ್ತಿದ್ದರು.

ಅಂಚಿಗೆ ಸಾಲು ತೂತುಗಳಿದ್ದ ಅಗಲವಾದ ಕಂಪ್ಯೂಟರ್ ಕಾಗದಗಳನ್ನು ಕಟ್ಟುಗಟ್ಟಲೆ ಮನೆಗೆ ತರುತ್ತಿದ್ದರು. ತಪ್ಪಾದವು ಬಾಗಿಲ ಹಿಂದೆ ಬೀಳುತ್ತಿದ್ದವು. ನಾನು ಅವನ್ನು ಡಬ್ಬಿಗಳ ಕೆಳಗೆ ಹಾಸುತ್ತಿದ್ದೆ. ನ್ಯೂಸ್ ಪೇಪರಿಗಿಂತ ಗಟ್ಟಿ. ದೇವರ ಹಲಗೆಯ ಕಾಗದವನ್ನು ಸೋಮವಾರ ಸೋಮವಾರ ಬದಲಿಸುವುದು ನನ್ನ ರೂಢಿ.

ಆ ಸೋಮವಾರ ಅವರು ಹರಿಹರಕ್ಕೆ ಹೊರಟಿದ್ದರು. ಕಂಪ್ಯೂಟರ್ ಹೇಳಿದ್ದು ನಿಜವೋ ಸುಳ್ಳೋ ನೋಡಲು ಅಲ್ಲೊಂದು ವರ್ಕ್‌ಶಾಪಿನಲ್ಲಿ ಯಂತ್ರ ಕೂರಿಸಿದ್ದರು. ಗಿರಗಿರ ತಿರುಗುವ ಕಬ್ಬಿಣದ ದೊಡ್ಡ ಉರುಳೆ, ಅದಕ್ಕೆ ಒತ್ತಿ ಹಿಡಿದ ಒಂದು ಚಕ್ರ. ಮಾರು ದೂರದಲ್ಲಿ ಸ್ಟೂಲ್ ಹಾಕಿಕೊಂಡು ಅದರ ಅದುರು ಅಳೆಯುವವರು ಇವರೇ. ನನ್ನ ಜೀವ ಆ ಸ್ಟೂಲಿನ ಮೇಲೇ ಇರುತ್ತಿತ್ತು.

"ದೂರ ಕೂಡ್ರಿ" ಎಂದೆ.

"ದೂರ ಕೂತ್ರೆ ಮೀಟರ್ ಮುಳ್ಳು ಕಾಣಂಗಿಲ್ಲ. ನಿನ್ನ ಶಿವನಿಗೆ ಹೇಳು, ಅವನಿಗೆ ಮೂರು ಕಣ್ಣೈತೆ, ಬಂದು ಓದ್ಲಿ" ಎಂದು ನಗುತ್ತಾ ಹೋದರು. ನಾನು ಬಾಗಿಲ ಹಿಂದಿನ ಒಂದು ಹಾಳೆ ತೆಗೆದು ಹಲಗೆಗೆ ಹಾಸಿ ಪೂಜೆ ಮುಗಿಸಿದೆ.

ಹನ್ನೊಂದರ ಸುಮಾರಿಗೆ ಅಕ್ಕಿ ಆರಿಸುತ್ತಾ ಕೂತಿದ್ದೆ. ದೇವರ ಗಂಟೆ ಕಿಣಿ ಎಂದಿತು. ಇಲಿ ಅಂದುಕೊಂಡೆ. ಮತ್ತೆ ಕಿಣಿಕಿಣಿ. ತಿರುಗಿ ನೋಡಿದರೆ ಇಡೀ ಹಲಗೆ ಎಡಕ್ಕೂ ಬಲಕ್ಕೂ ಅದುರುತ್ತಿತ್ತು. ಅದರ ಕೆಳಗಿನ ಹಲಗೆಯ ಲೋಟಗಳು ಸುಮ್ಮನಿದ್ದವು. ಅದುರು ಬೆಳೆಯಿತು. ದೀಪ ಉರುಳಿ ಎಣ್ಣೆ ಚೆಲ್ಲಿತು, ವಿಭೂತಿ ಗಟ್ಟಿ ಬಿದ್ದು ಪುಡಿಯಾಯಿತು, ಫೋಟೋದ ಗಾಜು ಚಟ್ಟನೆ ಸೀಳಿತು. ಗೋಡೆಯ ಮೊಳೆಗಳು ಕಿತ್ತು ಗಾರೆ ಉದುರತೊಡಗಿತು. ಓಡಿಹೋಗಿ ಎರಡೂ ಕೈಯಲ್ಲಿ ಹಲಗೆ ಹಿಡಿದೆ. ಹೋರಿಯ ಕೊಂಬು ಹಿಡಿದ ಹಾಗೆ ನನ್ನನ್ನೇ ಕೊಡವಿತು. ಹಲ್ಲು ಹಲ್ಲಿಗೆ ಬಡಿದು ಬಾಯಲ್ಲಿ ರಕ್ತದ ರುಚಿ. ಗಂಟೆ ಎಗರಿ ಬಂದು ಹಣೆಗೆ ಅಪ್ಪಳಿಸಿತು. ಕಣ್ಣಿಗೆ ರಕ್ತ ಇಳಿಯಿತು. ಆಮೇಲೆ, ಯಾರೋ ಕೈ ಬಿಟ್ಟ ಹಾಗೆ, ಎಲ್ಲ ನಿಂತಿತು. ಒಳಗೆ ತೊಟ್ಟಿಲಲ್ಲಿದ್ದ ಮಗಳಿಗೆ ಎಚ್ಚರವೂ ಆಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಜೈತೂನಕ್ಕ ಕಾಂಪೌಂಡಿನಿಂದ ಕೂಗಿದಳು. ನಮಗೆ ಫೋನ್ ಬರುತ್ತಿದ್ದುದು ಅವರ ಮನೆಗೇ. "ಅಕ್ಕಾ, ಜಲ್ದಿ ಬರ್ರಿ, ಹರಿಹರದಿಂದ ಸರ್ ಫೋನು!" ನನ್ನ ಮುಖ ನೋಡಿ, "ಯಾ ಅಲ್ಲಾ, ಯಾರು ಹೊಡೆದ್ರು?" ಎಂದು ಬಾಯಿ ಮೇಲೆ ಕೈ ಇಟ್ಟಳು. ಸೆರಗು ಹಣೆಗೆ ಒತ್ತಿಕೊಂಡು ಫೋನ್ ಹಿಡಿದೆ.

"ಬಾಗಿಲ ಹಿಂದೆ ನಿನ್ನೆ ಬಿಸಾಕಿದ ಹಾಳೆ ಐತೇನು? ಕೊನೇ ಸಾಲಿನಾಗೆ ವೇಗ ಎಷ್ಟೈತೆ, ನೋಡಿ ಹೇಳು."

"ಅದನ್ನ ದೇವರಿಗೆ ಹಾಸೀನ್ರಿ."

"ದೇವರಿಗೆ ಹಾ..." ಎನ್ನುವಷ್ಟರಲ್ಲಿ ಅವರ ಹಿಂದೆ, ಅವರು ಹೇಳುತ್ತಿದ್ದ ತಳ್ಳುಗಾಡಿ ಗಾಲಿಯ ಸದ್ದು ಕೇಳಿಸಿತು. ಪಟಪಟ, ಪಟಪಟ, ಬೆಳೆಯುತ್ತಾ. ಸಿಡಿಲು ಬಡಿದಂಥ ಶಬ್ದ. ಯಾರೋ ಚೀರಿದರು. ಫೋನಿನಲ್ಲಿ ಯಾರೂ ಇಲ್ಲ.

ಅವರು ಮತ್ತೆ ಫೋನ್ ಮಾಡುವವರೆಗೆ ನಾನು ಆ ಫೋನಿನ ಬಳಿಯೇ ನೆಲದ ಮೇಲೆ ಕೂತಿದ್ದೆ. "ನಾನದೀನಿ" ಎಂದಷ್ಟೇ ಹೇಳಿದರು. ಚಕ್ರ ಕಿತ್ತು, ಅಡ್ಡ ಕಟ್ಟಿದ್ದ ಕಬ್ಬಿಣದ ಜಾಲರಿ ಹರಿದು, ಖಾಲಿ ಸ್ಟೂಲನ್ನು ನುಚ್ಚುನೂರು ಮಾಡಿ ಗೋಡೆಗೆ ನಾಟಿತ್ತು. ಸ್ವಿಚ್ಚಿನ ಬಳಿ ನಿಂತಿದ್ದ ಫಿಟ್ಟರ್ ಮಹಬೂಬಣ್ಣನಿಗೆ ತುಂಡೊಂದು ಬಡಿದು ಹೆಗಲ ಮೂಳೆ ಮುರಿದಿತ್ತು. ಜೀವಕ್ಕೆ ಅಪಾಯವಿರಲಿಲ್ಲ.

ಸಂಜೆ ಬಂದು ಎಣ್ಣೆ ಹೀರಿದ ಆ ಹಾಳೆ ಬಿಡಿಸಿ ನೋಡಿದರು. ಅದುರಿನ ಅಂಕಿಗಳು ಸಾಲಿನಿಂದ ಸಾಲಿಗೆ ಬೆಳೆದು, ಕೊನೆಯ ಸಾಲಿನಲ್ಲಿ ವೇಗದ ಮುಂದೆ ಅಂಕಿ ಹಿಡಿಸದೆ ಬರೀ ಚುಕ್ಕಿಗಳು. ತಾವೇ ಏನೋ ತಪ್ಪು ಲೆಕ್ಕ ತುಂಬಿಸಿರಬೇಕೆಂದು ಅದನ್ನು ಬಿಸಾಕಿದ್ದರಂತೆ. ಯಂತ್ರ ಮುರಿದದ್ದು ಸರಿಯಾಗಿ ಆ ಸಾಲಿನ ವೇಗದಲ್ಲೇ.

"ಆಗಲೇ ಯಾಕ ನೆನಪಾತು ನಿಮಗೆ?"

"ಗೊತ್ತಿಲ್ಲ. ಎಲ್ಲೋ ಗಂಟೆ ಕೇಳಿದಂಗಾತು. ಎದ್ದು ಆಫೀಸ್ ರೂಮಿನ ಫೋನಿಗೆ ಬಂದೆ."

"ಗುಡಿ ಗಂಟೆ ಇರ್ಬೇಕು."

"ಸ್ಟೂಲ್ ಹತ್ರ ಆ ಮೋಟರ್ ಸದ್ದಿನಾಗೆ ನನ್ನ ದನಿ ನನಗೇ ಕೇಳಂಗಿಲ್ಲ" ಎಂದರು.

ಭೂಕಂಪ ಎನ್ನೋಣವೆಂದರೆ ಲೋಟ ಅಲುಗಿರಲಿಲ್ಲ. ಅಲ್ಲಿಯ ಅದುರು ಇಲ್ಲಿಗೆ ಬಂತು ಎನ್ನೋಣವೆಂದರೆ ಇಲ್ಲಿ ಅದುರಿದ್ದೇ ಮೊದಲು. ಅಷ್ಟು ಓದಿದ ಅವರಿಗೇ ಗೊತ್ತಾಗದ್ದು ನನಗೆಲ್ಲಿ ಗೊತ್ತಾಗಬೇಕು? ಹಣೆಗೆ ಬಿದ್ದದ್ದು ಮೂರೇ ಹೊಲಿಗೆ. ಮಹಬೂಬಣ್ಣ ಮೂರು ತಿಂಗಳಿಗೆ ಮತ್ತೆ ಕೆಲಸಕ್ಕೆ ಹೋದ. ಇಷ್ಟಕ್ಕೇ ಮುಗಿಸಿದ ಶಿವನಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಗಂಟೆಯ ಅಂಚು ನಗ್ಗಿದೆ, ದನಿ ಒಡಕು. ಹೊಸದು ತರುತ್ತೇನೆ ಎಂದು ಅವರು ಅಂದರೆ ಬ್ಯಾಡ ಎನ್ನುತ್ತೇನೆ. ದೇವರ ಹಲಗೆಗೆ ಈಗ ಬಿಳಿ ಬಟ್ಟೆ ಹಾಸುತ್ತೇನೆ. ನಂಬಿಕೆ ಅಂತಲ್ಲ. ಅಂಕಿಯಿರುವ ಕಾಗದ ಮಾತ್ರ ಅಲ್ಲಿಗೆ ಹಾಸಲು ಕೈ ಬರುವುದಿಲ್ಲ, ಹಳೇ ಕ್ಯಾಲೆಂಡರಿನ ಹಾಳೆಯನ್ನೂ.